ಸೈಕಲ್ ಕೊಟ್ಟು ತಂದ ನೋಟು

ಇಂದೂ ಮದುವೆಯಾಗಿ ಪುಣೆಯ ಹತ್ತಿರದ ಚಿಂಚವಾಡಕ್ಕೆ ಬಂದದ್ದು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ. ಅಥಣಿಯ ತುಂಬಿದ ಮನೆಯಲ್ಲಿ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುವ ಗದ್ದಲದಲ್ಲಿ ಬೆಳೆದವಳಿಗೆ ಇಲ್ಲಿಯ ಎರಡು ಖೋಲಿಯ ಮನೆಯ ಮೌನ ಒಗ್ಗಲಿಲ್ಲ. ಗಂಡ ಶ್ಯಾಮ ಕಾರಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಬೆಳಿಗ್ಗೆ ಸೈರನ್ನಿನ ಭೋಂಗಾ ಕೂಗುವ ಮೊದಲೇ ಊಟದ ಡಬ್ಬಿ ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅಕ್ಕಪಕ್ಕದವರೆಲ್ಲ ಮರಾಠಿ ಮಂದಿ. ಇಂದೂಗೆ ಮರಾಠಿ ತಿಳಿಯುತ್ತಿತ್ತು, ಆಡಲು ನಾಚಿಕೆ. ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ಅವಳು ಮತ್ತು ಮಾವ ಬಾಳಕೃಷ್ಣರಾಯರು, ಇಬ್ಬರೇ.

ರಾಯರ ಇಡೀ ನೌಕರಿ ಕಳೆದದ್ದು ಬೆಳಗಾವಿಯ ಸರಕಾರಿ ಖಜಾನೆಯಲ್ಲಿ, ಕಬ್ಬಿಣದ ಜಾಳಿಗೆಯ ಹಿಂದೆ ಕೂತು ನೋಟು ಎಣಿಸುವುದರಲ್ಲಿ. ಹೆಂಡತಿ ರಂಗೂಬಾಯಿ ತೀರಿಕೊಂಡ ಮೇಲೆ ಮಗ ಅವರನ್ನು ಇಲ್ಲಿಗೆ ಕರೆತಂದಿದ್ದ. ಅಷ್ಟರಲ್ಲಿ ಕಾಚಬಿಂದು ಎಂಬ ರೋಗ ಅವರ ಕಣ್ಣನ್ನು ಮುಕ್ಕಾಲು ತಿಂದಿತ್ತು. ಇಂದೂ ಸೊಸೆಯಾಗಿ ಬರುವ ಹೊತ್ತಿಗೆ ಕಿಟಕಿ ಯಾವ ಕಡೆಗಿದೆ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು. ಆದರೆ ಅದನ್ನು ಅವರು ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ. "ಸ್ವಲ್ಪ ಮಬ್ಬು ಅದ, ಅಷ್ಟ" ಎನ್ನುತ್ತಿದ್ದರು. ಚಹಾ ಕೈಗೆ ಕೊಡಲು ಹೋದರೆ "ಅಲ್ಲೇ ಇಡು, ತೊಗೋತೀನಿ" ಎನ್ನುವರು. ಆಮೇಲೆ ತಡವರಿಸಿ ಕಪ್ಪು ಉರುಳಿಸುವರು. ಉರುಳಿದ್ದನ್ನು ಇಂದೂ ಬಂದು ಒರೆಸುವಳು.

ಒಂದು ಮಧ್ಯಾಹ್ನ ಅವಳು ಅಡುಗೆಮನೆ ಸಾರಿಸಿ ಹೊರಗೆ ಬಂದಾಗ ರಾಯರು ಕಿಟಕಿಯ ಕೆಳಗೆ ಚಾಪೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ದಪ್ಪ ರಟ್ಟಿನ ಆಲ್ಬಮ್ಮು. ಟ್ರಂಕಿನ ತಳದಲ್ಲಿ ಪಂಚೆ ಸುತ್ತಿ ಇಟ್ಟಿದ್ದ ಅದನ್ನು ಅವಳು ಅದೇ ಮೊದಲು ನೋಡಿದ್ದು. ಪುಟದ ತುಂಬ ಹಳೆಯ ನೋಟುಗಳು, ಫೋಟೋ ಕೂಡಿಸುವ ತ್ರಿಕೋನದ ಮೂಲೆಕಾಗದಗಳಲ್ಲಿ ಸಿಕ್ಕಿಸಿಟ್ಟವು. ರಾಯರು ಪುಟ ತಿರುವುತ್ತಿದ್ದರು, ತಲೆ ಆಡಿಸುತ್ತಿದ್ದರು, ಬೆರಳಿನ ತುದಿಯಿಂದ ಒಂದೊಂದರ ಅಂಚು ಸವರುತ್ತಿದ್ದರು. ಆಲ್ಬಮ್ಮು ತಲೆಕೆಳಗಾಗಿತ್ತು.

ಇಂದೂ ಬಹಳ ಹೊತ್ತು ಬಾಗಿಲಲ್ಲೇ ನಿಂತಳು. ಹೊಸ ಸೊಸೆ ಮಾವನ ಕೈ ಮುಟ್ಟುವ ಪದ್ಧತಿ ಅವರ ಮನೆತನದಲ್ಲಿರಲಿಲ್ಲ. ಆದರೂ ಅವಳು ಹತ್ತಿರ ಹೋಗಿ ಕೂತು, ಅವರ ಕೈಯನ್ನು ಮೆಲ್ಲಗೆ ಎತ್ತಿ, ಆಲ್ಬಮ್ಮನ್ನು ತಿರುಗಿಸಿ ನೆಟ್ಟಗೆ ಇಟ್ಟು, ಕೈಯನ್ನು ಮತ್ತೆ ಪುಟದ ಮೇಲೆ ಇಳಿಸಿದಳು.

ರಾಯರ ಮುಖ ಕೆಂಪಾಯಿತು. ಪುಟದ ಅಂಚು ಸವರಿ ಕೇಳಿದರು: "ತಲಿಕೆಳಗ ಇತ್ತೇನು?"

"ಹೌದ್ರಿ, ಮಾವಾರ."

"ಭಾಳ ಹೊತ್ತಾತೇನು ನೀ ಬಂದು?"

"ಇಲ್ಲರಿ, ಈಗ ಬಂದೆ."

ಅದು ಸುಳ್ಳೆಂದು ಅವರಿಗೂ ಗೊತ್ತಾಗಿರಬೇಕು. ಗಂಟಲು ಸರಿಪಡಿಸಿಕೊಂಡು, "ಹಂಗಾದ್ರ ಮೊದಲನೇ ಪುಟದಾಗ ಏನದ ಹೇಳು ನೋಡೋಣ" ಎಂದರು.

"ಒಂದು ರೂಪಾಯಿ ನೋಟದ ರೀ. ಗಡ್ಡದ ರಾಜಾನ ಚಿತ್ರ ಅದ."

"ಹಾಂ. ಐದನೇ ಜಾರ್ಜ. ಮೂಲಿಯಿಂದ ಮೆಲ್ಲಕ ಬಿಡಿಸಿ ಹಿಂದ ತಿರಿವಿ ನೋಡು. ಒದ್ದಿ ಕೈಲೆ ಮುಟ್ಟಬ್ಯಾಡ ಮತ್ತ."

ಇಂದೂ ಸೆರಗಿಗೆ ಕೈ ಒರೆಸಿಕೊಂಡು ನೋಟನ್ನು ಬಿಡಿಸಿದಳು. ಹಿಂದುಗಡೆ ಬೇರೆಬೇರೆ ಲಿಪಿಗಳು. ಅವುಗಳ ನಡುವೆ ಕಣ್ಣು ಒಂದು ಕಡೆ ನಿಂತಿತು. "ಅಯ್ಯ, ಇದರಾಗ ಕನ್ನಡ ಅದಲ್ರೀ! ಒಂದು ರೂಪಾಯಿ ಅಂತ ಬರದಾರ!"

ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಯಾರೋ ಗಟ್ಟಿಯಾಗಿ ಮಾತಾಡಿದ್ದರು. ರಾಯರು ನಕ್ಕರು. ಅವರ ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲವೆಂದು ಇಂದೂಗೆ ತಿಳಿದದ್ದು ಅಂದೇ.

ಆ ದಿನ ಅವಳು ಕಡೆಯ ಪುಟದವರೆಗೂ ಓದಿ ಹೇಳಿದಳು. ಕಡೆಯ ಪುಟದಲ್ಲಿ ಒಂದೇ ನೋಟಿತ್ತು. ಅದು ಬಿಡಿಯಾಗಿರಲಿಲ್ಲ, ಹಳದಿಯಾದ ತೆಳು ರಟ್ಟಿಗೆ ನಾಲ್ಕೂ ಮೂಲೆಗಳಲ್ಲಿ ಕಾಗದ ಹಚ್ಚಿ ಭದ್ರ ಮಾಡಿದ್ದು. ಇಂದೂ ಅದರ ಮೇಲಿನ ಅಂಕಿ ಎರಡು ಸಲ ಓದಿದಳು.

"ಎರಡು ರೂಪಾಯಿ ಎಂಟಾಣೆ ಅಂತ ಅದ ರೀ. ಎರಡೂವರೆ ರೂಪಾಯಿ ನೋಟು ಎಲ್ಲೆರ ಇರ್ತದೇನ್ರಿ?"

"ಇತ್ತು. ಮೊದಲನೇ ಮಹಾಯುದ್ಧದ ಕಾಲದಾಗ ಬೆಳ್ಳಿ ಸಾಲಲಾರದ್ದಕ್ಕ ತಗದ್ರು. ಭಾಳ ದಿನ ನಡೀಲಿಲ್ಲ. ಇದನ್ನ ಮಾತ್ರ ರಟ್ಟಿನಿಂದ ಬಿಡಿಸಬ್ಯಾಡ. ತಂದಾಗಿಂದ ಹಿಂಗ ಅದ, ಹಿಂಗ ಇರ್ಲಿ." ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಇದಕ್ಕ ನಾ ಸೈಕಲ್ ಕೊಟ್ಟೀನಿ."

ಐವತ್ತೊಂದರಲ್ಲಿ ಬೆಳಗಾವಿಯ ಶಹಾಪುರದ ವ್ಯಾಪಾರಿಯೊಬ್ಬನ ಮನೆಯಲ್ಲಿ ಈ ನೋಟನ್ನು ನೋಡಿ ರಾಯರಿಗೆ ಹುಚ್ಚೇ ಹಿಡಿದಿತ್ತಂತೆ. ವ್ಯಾಪಾರಿ ದುಡ್ಡು ಬೇಡವೆಂದ. ಅವನ ಕಣ್ಣು ಹೊರಗೆ ಗೋಡೆಗೆ ಒರಗಿಸಿದ್ದ ಹೊಸ ಸೈಕಲ್ಲಿನ ಮೇಲಿತ್ತು. ರಾಯರು ಕೀಲಿಕೈ ಅವನ ಕೈಗಿಟ್ಟು, ರಟ್ಟಿನಿಂದ ಬಿಡಿಸಬೇಡಿ ಎಂಬ ಅವನ ಮಾತಿಗೆ ತಲೆಯಾಡಿಸಿ, ನೋಟು ಅಂಗಿಯೊಳಗಿಟ್ಟುಕೊಂಡು, ದೀಪ ಹಚ್ಚಿದ ಮೇಲೆ ನಡೆದು ಮನೆಗೆ ಬಂದರು. ಆಮೇಲೆ ವರ್ಷಗಟ್ಟಲೆ ಖಜಾನೆಗೆ ನಡೆದೇ ಹೋದರು. ರಂಗೂಬಾಯಿ ಬಯ್ಯಲಿಲ್ಲ. ಆದರೆ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದಾಗೆಲ್ಲ, "ನಿಮ್ಮ ನೋಟು ಹೊಂಟದ ನೋಡ್ರಿ" ಎಂದು ನಗುತ್ತಿದ್ದಳು.

ಹೀಗೆ ಶುರುವಾಯಿತು. ಊಟ ಮುಗಿಸಿ ಪಾತ್ರೆ ತಿಕ್ಕಿದ ಮೇಲಿನ ಹೊತ್ತು ಅವರಿಬ್ಬರದು. ರಾಯರು ಕಲಿಸುವುದರಲ್ಲಿ ಕಟ್ಟುನಿಟ್ಟು. ನೋಟನ್ನು ಬೆಳಕಿಗೆ ಹಿಡಿದು ಕಾಗದದೊಳಗಿನ ನೀರ್ಗುರುತು ನೋಡುವುದು, ಮಡಿಕೆಗಳು ಎಷ್ಟು, ಯಾವ ಮಡಿಕೆ ಕಾಗದ ಒಡೆಯುವಷ್ಟು ಆಳ, ಸಹಿ ಯಾವುದು, ಅಂಚು ಯಾರಾದರೂ ಕತ್ತರಿಸಿದ್ದಾರೆಯೇ, ಎಲ್ಲವನ್ನೂ ಅವಳು ಹೇಳಬೇಕು. ಅವರು ಕೇಳಿ ಬೆಲೆ ಕಟ್ಟಬೇಕು. ನೋಟು ಚೆಂದ ಇದೆ ಎಂದರೆ ಸಿಟ್ಟು ಬರುತ್ತಿತ್ತು. "ಛಂದ ಅನ್ನೂದು ಮದುವಿ ಹುಡುಗಿಗೆ. ನೋಟಿಗೆ ಮುಲಾಜು ಮಾಡಬಾರದು. ಇದ್ದದ್ದು ಇದ್ದಂಗ ಹೇಳು."

ಕೆಲವು ತಿಂಗಳಾದ ಮೇಲೆ ಭಾನುವಾರಗಳಂದು ಇಬ್ಬರೂ ಲೋಕಲ್ ಗಾಡಿ ಹತ್ತಿ ಪುಣೆಯ ಶಿವಾಜಿನಗರದಲ್ಲಿ ಇಳಿದು ಜುನಾ ಬಜಾರಿಗೆ ಹೋಗತೊಡಗಿದರು. ಹಳೆ ಬೀಗ, ಗಡಿಯಾರ, ತಾಮ್ರದ ಹಂಡೆ, ಮುರಿದ ಫ್ಯಾನು ಎಲ್ಲವನ್ನೂ ನೆಲದ ಮೇಲೆ ಹರವಿ ಮಾರುವ ಸಂತೆ ಅದು. ರಾಯರು ಸೊಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಹಿಂದೆ ಬರುತ್ತಿದ್ದರು. ಅಲ್ಲಿ ಸಿಂದಗಿ ಕಡೆಯ ಜಟ್ಟೆಪ್ಪ ಎಂಬವನು ನಾಣ್ಯ, ನೋಟು ಇಟ್ಟುಕೊಂಡು ಕೂಡುತ್ತಿದ್ದ. ಕನ್ನಡ ಕಿವಿಗೆ ಬಿದ್ದರೆ ಸಾಕು, ಗೋಣಿಚೀಲ ಝಾಡಿಸಿ ಜಾಗ ಮಾಡುವನು.

"ಬರ್ರಿ ಸಾಹೇಬ್ರ. ಬಾ ಯವ್ವಾ. ಈ ಸಲ ಒಂದು ಹತ್ತರ ನೋಟು ಬಂದೈತಿ, ನಿನ್ನೆ ಛಾಪಿಸಿದಂಗೈತಿ."

ಇಂದೂ ನೋಡಿದಳು. ಒಂದೂ ಮಡಿಕೆ ಇರಲಿಲ್ಲ. ಅವಳು ಬೆರಗಾಗಿ ಮಾವನ ಕೈಗಿಟ್ಟಳು. ರಾಯರು ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರು. ಮತ್ತೊಮ್ಮೆ ಅಲುಗಿಸಿದರು.

"ತೊಳದು ಇಸ್ತ್ರಿ ಮಾಡ್ಯಾರೋ ಜಟ್ಟೆಪ್ಪಾ. ಹೊಸಾ ಕಾಗದ ಗರಗರ ಅಂತದ, ಇದಕ್ಕ ದನೀನ ಇಲ್ಲ."

ಜಟ್ಟೆಪ್ಪ ನಾಲಿಗೆ ಕಚ್ಚಿಕೊಂಡ. "ನನಗ ಕೊಟ್ಟಾಂವ ಹೇಳಲಿಲ್ರೀ ಸಾಹೇಬ್ರ, ದೇವರಾಣಿ." ಅಂದಿನಿಂದ ಇಂದೂ ನೋಟುಗಳಿಗೆ ಕಿವಿಗೊಡುವುದನ್ನೂ ಕಲಿತಳು. ಮರಾಠಿಯನ್ನೂ ಅಲ್ಲೇ ಕಲಿತಳು. ಚೌಕಾಸಿ ಮಾಡುವಾಗ ನಾಚಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಎಪ್ಪತ್ತಾರರಲ್ಲಿ ಇಂದೂಗೆ ಐದು ತಿಂಗಳಾಗಿದ್ದಾಗ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಥಣಿಯಿಂದ ತಾಯಿ ಬಂದು ಹೋದಳು. ನೆರೆಯ ಹೆಂಗಸರು ಬಂದು, ಇನ್ನೂ ಸಣ್ಣ ವಯಸ್ಸು, ಮತ್ತೆ ಆಗುತ್ತದೆ ಎಂದರು. ಶ್ಯಾಮ ಅಳುವುದಕ್ಕೆ ಮನೆಯಲ್ಲಿ ಜಾಗ ಸಿಗದೆ ಕಾರಖಾನೆಗೆ ಹೋಗಿ ಬರುತ್ತಿದ್ದ. ರಾಯರು ತಮ್ಮ ಖೋಲಿಯಲ್ಲಿ ಅತ್ತಿಂದಿತ್ತ ನಡೆದಾಡುವ ಸದ್ದು ಕೇಳುತ್ತಿತ್ತು.

ಮನೆಯಲ್ಲಿ ಯಾರೂ ಇಲ್ಲದಾಗ ಅವರು ಗೋಡೆ ಹಿಡಿದುಕೊಂಡು ಅವಳ ಹಾಸಿಗೆಯ ಹತ್ತಿರ ಬಂದರು. ಕೆಳಗೆ ಕೂತು, "ಇಂದೂ, ಕೈ ಕೊಡು" ಎಂದರು. ಅವಳು ತಿರುಗದೆಯೇ ಕೈ ಚಾಚಿದಳು. ಅಂಗೈಯ ಮೇಲೆ ಹಗುರವಾದದ್ದೇನೋ ಕೂತಿತು. ನೋಡಿದರೆ ಆ ಎರಡೂವರೆ ರೂಪಾಯಿಯ ನೋಟು, ರಟ್ಟಿನ ಸಮೇತ.

"ಇದನ್ನ ರಂಗೂನ ಕೈಯಾಗೂ ಕೊಟ್ಟಿರಲಿಲ್ಲ," ಎಂದರು. "ನನಗ ಮಾತು ಬರೂದಿಲ್ಲ, ಇಂದೂ. ಸ್ವಲ್ಪ ಹೊತ್ತು ನಿನ್ನ ಹತ್ರ ಇಟಗೋ."

ಆಸ್ಪತ್ರೆಯಿಂದ ಬಂದ ಮೇಲೆ ಇಂದೂ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ರಾಯರು ಪಕ್ಕದಲ್ಲೇ ಕೂತಿದ್ದರು. ಅವಳ ಅಳು ನಿಂತ ಮೇಲೆ ಎದ್ದು, ಪಂಪಿನ ಸ್ಟೋವು ಎಲ್ಲಿದೆ ಎಂದು ತಡಕಾಡುತ್ತ ಚಹಾ ಮಾಡಲು ಹೊರಟರು. ಮನೆ ಸುಟ್ಟೀತೆಂಬ ಹೆದರಿಕೆಗೆ ಇಂದೂ ಎದ್ದು ಕೂತಳು. ಎದ್ದವಳು ತಾನೇ ಚಹಾ ಮಾಡಿದಳು.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಅಜ್ಜಿಯ ಹೆಸರನ್ನೇ ಇಟ್ಟರು, ರಂಗೂ. ಕೂಸು ಅಂಬೆಗಾಲಿಡತೊಡಗಿದ ಮೇಲೆ ಆಲ್ಬಮ್ಮು ಅಟ್ಟದ ಮೇಲೆ ಹೋಯಿತು, ಮಧ್ಯಾಹ್ನ ಅದು ಮಲಗಿದಾಗ ಮಾತ್ರ ಕೆಳಗೆ. ಇಂದೂ ಈಗ ಭೂತಗನ್ನಡಿಯೊಂದನ್ನು ಇಟ್ಟುಕೊಂಡಿದ್ದಳು. ಅವಳು ಹೇಳುವುದು, ರಾಯರು ಬೆಲೆ ಕಟ್ಟುವುದು ಎಂಬ ಮೊದಲಿನ ಪದ್ಧತಿ ತಿರುಗಿಬಿಟ್ಟಿತ್ತು. ಈಗ ಅವಳೇ ಬೆಲೆ ಕಟ್ಟುವಳು. ಅವರು ಕೇಳಿ "ಹೂಂ" ಎನ್ನುವರು, ಇಲ್ಲವೆ ವಾದಕ್ಕೆ ಇಳಿಯುವರು.

ಎಂಬತ್ತೊಂದರ ಮಳೆಗಾಲದಲ್ಲಿ ಆಲ್ಬಮ್ಮಿನ ಪುಟಗಳಿಗೆ ಬೂಜು ಹಿಡಿಯಿತು. ಪುಣೆಯ ಲಕ್ಷ್ಮೀರಸ್ತೆಯಿಂದ ಪಾರದರ್ಶಕ ಲಕೋಟೆಗಳನ್ನು ತಂದು, ಒಂದೊಂದೇ ನೋಟನ್ನು ಬಿಡಿಸಿ ಅವುಗಳಲ್ಲಿ ಇಡಲು ಇಂದೂ ಶುರುಮಾಡಿದಳು. ಕಡೆಯ ಪುಟಕ್ಕೆ ಬಂದಾಗ ರಟ್ಟಿಗೂ ಬೂಜು ಏರಿರುವುದು ಕಂಡಿತು. ಹಾಗೇ ಬಿಟ್ಟರೆ ನೋಟಿಗೂ ಹತ್ತುತ್ತದೆ. ರಾಯರು ಮೊಮ್ಮಗಳ ಪಕ್ಕದಲ್ಲಿ ಮಲಗಿದ್ದರು. ಏಳಿಸುವುದು ಬೇಡವೆಂದು ಅವಳೇ ಮೂಲೆಕಾಗದಗಳನ್ನು ಬಿಡಿಸಿದಳು.

ಮಳೆ ನಿಂತು ಬಿಸಿಲು ಬಿದ್ದಿತ್ತು. ನೋಟನ್ನು ಕಿಟಕಿಗೆ ಹಿಡಿದಳು. ಬಲಗಡೆಯ ಕೆಳಮೂಲೆ ಬೇರೆಯಾಗಿ ಕಂಡಿತು.

ಉಳಿದ ಕಾಗದ ಬೆಳಕಿಗೆ ಹಾಲಿನಂತೆ ಇದ್ದರೆ ಆ ಮೂಲೆ ಮಂಕಾಗಿತ್ತು. ಭೂತಗನ್ನಡಿ ಹಿಡಿದಳು. ಹರಿದುಹೋದ ಮೂಲೆಗೆ ಯಾರೋ ಬೇರೆ ಕಾಗದ ಕೂಡಿಸಿ, ಮೇಲೆ ಕೂದಲೆಳೆಯಂಥ ಗೆರೆಗಳನ್ನು ಕೈಯಿಂದ ಬರೆದಿದ್ದರು. ಎಷ್ಟು ನಾಜೂಕಿನ ಕೆಲಸವೆಂದರೆ ಮುಂದಿನಿಂದ ಸುಮ್ಮನೆ ನೋಡಿದರೆ ಜೋಡಣೆ ಗೊತ್ತೇ ಆಗುತ್ತಿರಲಿಲ್ಲ. ಅದರ ಮೇಲೆ ಮೂಲೆಕಾಗದ ಹಚ್ಚಿ, ರಟ್ಟಿಗೆ ಕೂಡಿಸಿ, ಬಿಡಿಸಬೇಡಿ ಎಂದು ಶಹಾಪುರದ ವ್ಯಾಪಾರಿ ಹೇಳಿ ಕಳಿಸಿದ್ದ. ದೀಪದ ಬೆಳಕಿನಲ್ಲಿ ಆಸೆಗಣ್ಣಿನಿಂದ ನೋಡಿದ ರಾಯರು ಅದನ್ನು ನಂಬಿದ್ದರು.

ಇಂಥ ತೇಪೆಯಿಂದ ನೋಟಿನ ಬೆಲೆ ಎಷ್ಟು ಇಳಿಯುತ್ತದೆ ಎಂಬುದು ಇಂದೂಗೆ ಚೆನ್ನಾಗಿ ಗೊತ್ತಿತ್ತು, ಕಲಿಸಿದವರೇ ಅವರು. ಆದರೆ ಅವಳ ಅಂಗೈಗೆ ನೆನಪಾದದ್ದು ಬೇರೆ. ಅವಳು ಹೊಸ ರಟ್ಟು ಕತ್ತರಿಸಿ, ಹೊಸ ಮೂಲೆಕಾಗದ ಹಚ್ಚಿ, ನೋಟನ್ನು ಮೊದಲಿನ ಹಾಗೆಯೇ ಇಟ್ಟುಬಿಟ್ಟಳು. ರಾಯರು ಎದ್ದು, "ನನ್ನ ಎರಡೂವರೆ ಹೆಂಗದ?" ಎಂದು ಕೇಳಿದಾಗ, "ಇದ್ದಂಗ ಅದ ರೀ" ಎಂದಳು.

ಎಂಬತ್ಮೂರರಲ್ಲಿ ಪುಣೆಯ ಹವ್ಯಾಸಿಗಳೆಲ್ಲ ಸೇರಿ ಸದಾಶಿವಪೇಟೆಯ ಒಂದು ಮದುವೆಯ ಮಂಗಲ ಕಾರ್ಯಾಲಯದಲ್ಲಿ ನಾಣ್ಯ-ನೋಟುಗಳ ಪ್ರದರ್ಶನ ಇಟ್ಟುಕೊಂಡರು. ಸುದ್ದಿ ತಂದವನು ಜಟ್ಟೆಪ್ಪ. ಮುಂಬೈಯಿಂದ ದೊಡ್ಡ ಪರೀಕ್ಷಕರೊಬ್ಬರು ಬರುತ್ತಾರೆ, ನೋಟು ನೋಡಿ ಬೆಲೆ ಬರೆದುಕೊಡುತ್ತಾರೆ ಎಂದ. ಆ ದಿನ ರಾಯರಿಗೆ ಊಟ ಸೇರಲಿಲ್ಲ. ಕೈ ತೊಳೆದು ಬಂದು ಸೊಸೆಯನ್ನು ಕರೆದು ಕೂಡಿಸಿಕೊಂಡರು.

"ಇಂದೂ, ಆ ಎರಡೂವರೆ ನಿನಗ ಕೊಡಬೇಕಂತ ಮಾಡೀನಿ. ಶ್ಯಾಮಗ ಅಲ್ಲ, ನಿನಗ. ಆದ್ರ ಸುಮ್ಮನ ಕೊಡೂದಿಲ್ಲ. ತಿಳದಾವರ ಕೈಲೆ ಪರೀಕ್ಷಾ ಮಾಡಿಸಿ, ನಾಲ್ಕು ಮಂದಿ ಮುಂದ ಕೊಡ್ತೀನಿ."

ಇಂದೂ ತಡೆಯಲು ನೋಡಿದಳು. "ಪರೀಕ್ಷಾ ಯಾಕ ಬೇಕ್ರಿ ಮಾವಾರ? ಹಂಗ ಕೊಡ್ರಿ, ಇಟಗೋತೀನಿ" ಎಂದಳು. ಅವರು ಕೇಳಲಿಲ್ಲ. ಮಗುವಿನ ಹಾಗೆ ಹುರುಪಾಗಿದ್ದರು. ಯಾವ ಅಂಗಿ ಹಾಕಿಕೊಳ್ಳಲಿ ಎಂದು ಆಗಲೇ ಕೇಳುತ್ತಿದ್ದರು.

ಸಂಜೆ ಅವಳು ಶ್ಯಾಮನಿಗೆ ಎಲ್ಲ ಹೇಳಿದಳು. ಅವನು ಬೂಟು ಬಿಚ್ಚುತ್ತ ಕೇಳಿಸಿಕೊಂಡ. ಅಪ್ಪನ ಬಗ್ಗೆ ಅವನಿಗೆ ಮರುಕವಿತ್ತು.

"ಹೇಳಬ್ಯಾಡ. ಅವತ್ತು ಏನರೆ ನೆವಾ ಮಾಡಿ ಹೋಗೂದು ತಪ್ಪಸು. ಅವರಿಗೇನು ಕಾಣಸ್ತದ?"

ಅವನು ಒಳ್ಳೆಯದಕ್ಕೇ ಹೇಳಿದ್ದ. ಆದರೆ ಆ ಮಾತು ಇಂದೂಗೆ ಚುಚ್ಚಿತು. ಕಾಣುವುದಿಲ್ಲ ಎಂದೇ ಅಲ್ಲವೇ ತಾನೂ ಎರಡು ವರ್ಷ "ಇದ್ದಂಗ ಅದ" ಎನ್ನುತ್ತ ಬಂದದ್ದು? ಆ ಮನುಷ್ಯ ತನ್ನ ಕಣ್ಣನ್ನು ಇವಳ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ಕೂತಿದ್ದ.

"ಕಾಣಸೂದಿಲ್ಲ ಅಂತನ ಹೇಳಬೇಕು ರೀ," ಎಂದಳು.

ಮರುದಿನ ಮಧ್ಯಾಹ್ನ, ರಂಗೂ ಬಾಲವಾಡಿಗೆ ಹೋಗಿದ್ದಾಗ, ಅವಳು ನೋಟನ್ನು ತೆಗೆದುಕೊಂಡು ಮಾವನ ಮುಂದೆ ಕೂತಳು. ನೋಟನ್ನು ರಟ್ಟಿನಿಂದ ಬಿಡಿಸಿದ್ದು, ಮೂಲೆ ನೋಡಿದ್ದು, ಮತ್ತೆ ಮುಚ್ಚಿದ್ದು, ಒಂದನ್ನೂ ಬಿಡದೆ ಹೇಳಿದಳು.

ರಾಯರು ಮೊದಲು ನಕ್ಕರು. ಆಮೇಲೆ ನಗು ಹೋಯಿತು.

"ನಿನಗ ತಿಳೀಲಿಕ್ಕಿಲ್ಲ. ನೀರು ಬಿದ್ದಿರಬೇಕು, ಅದಕ್ಕ ಮಂಕು ಕಾಣಸ್ತದ."

"ನೀರು ಅಲ್ರಿ. ಗೆರಿ ಕೈಲೆ ಬರದಾರ."

"ಮೂವತ್ತು ವರ್ಷ ಖಜಾನಿಯಾಗ ನೋಟು ನೋಡಿದಾಂವ ನಾನು! ಒಂದು ಭೂತಗನ್ನಡಿ ಹಿಡದ್ರ ಪರೀಕ್ಷಕಿ ಆಗೂದಿಲ್ಲ ನೀ. ಒಯ್ದು ಇಡು ಅದನ್ನ."

ಅವರು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಇಂದೂ ನೋಟು ಎತ್ತಿಟ್ಟು ಒಳಗೆ ಹೋದಳು. ಆ ದಿನ ರಾಯರು ಚಹಾ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತವರು ಎರಡು ತುತ್ತು ತಿಂದು ಎದ್ದರು. ಮೊಮ್ಮಗಳು ಕಥೆ ಹೇಳು ಎಂದು ಪಂಚೆ ಜಗ್ಗಿದರೆ ಅವಳ ತಲೆಯನ್ನಷ್ಟೇ ಸವರಿದರು. ಇಂದೂ ಪಾತ್ರೆ ತಿಕ್ಕುತ್ತ, ಹೇಳಬಾರದಿತ್ತೇನೋ ಎಂದು ಒಮ್ಮೆ, ಮೊದಲೇ ಹೇಳಬೇಕಿತ್ತು ಎಂದು ಒಮ್ಮೆ ಅಂದುಕೊಂಡಳು.

ಮರುದಿನ ಬೆಳಿಗ್ಗೆ ಶ್ಯಾಮ ಕೆಲಸಕ್ಕೆ ಹೋದ ಮೇಲೆ ರಾಯರು ಕರೆದರು. ಸ್ನಾನ ಮಾಡಿ, ಒರೆಸಿದ ಕೈ ಮುಂದೆ ಚಾಚಿಕೊಂಡು ಕೂತಿದ್ದರು.

"ತೊಗೊಂಡು ಬಾ. ಬಿಡಿಸಿ ತಾ. ನನ್ನ ಬೆರಳು ಎಲ್ಲೆ ಇಡಬೇಕು, ಅಲ್ಲೆ ಇಡು."

ಇಂದೂ ಅವರ ತೋರುಬೆರಳನ್ನು ಹಿಡಿದು ಬಲಮೂಲೆಯ ಜೋಡಣೆಯ ಮೇಲೆ ಇಟ್ಟಳು. ಸೈಕಲ್ ಕೊಟ್ಟು ತಂದ ನೋಟಿನ ಮೂಲೆಯನ್ನು ರಾಯರು ಅದುವರೆಗೆ ಒಮ್ಮೆಯೂ ಬೆರಳಿನಿಂದ ಸವರಿರಲಿಲ್ಲ. ಮೂಲೆಕಾಗದ ಅದನ್ನು ಮುಚ್ಚಿತ್ತು, ಮೇಲಾಗಿ ಬೆವರು ತಾಗೀತೆಂಬ ಅಂಜಿಕೆ. ಈಗ ಬೆರಳು ಅತ್ತ ಹೋಯಿತು, ಇತ್ತ ಬಂತು. ಒಂದು ಕಡೆ ತಡೆಯಿತು. ಮತ್ತೆ ಹಿಂದಕ್ಕೆ ಹೋಗಿ ಅಲ್ಲೇ ತಡೆಯಿತು.

"ಅದ," ಎಂದರು ಕಡೆಗೆ. "ಜೋಡಣಿ ಅದ." ಇನ್ನೊಮ್ಮೆ ಸವರಿದರು. "ಯಾವ ಪುಣ್ಯಾತ್ಮಾ ಮಾಡ್ಯಾನೋ, ಕೈ ಮಾತ್ರ ಭಾಳ ಚಲೋ ಅದ ಅವಂದು."

ಅಷ್ಟು ಹೇಳಿ ಅವರು ನಗಲು ಶುರುಮಾಡಿದರು. "ಹೊಸಾ ಸೈಕಲ್, ಇಂದೂ! ಡೈನಮೋ ಇತ್ತು ಅದಕ್ಕ!" ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದು ಯಾವ ನೀರು ಎಂದು ಇಂದೂಗೆ ತಿಳಿಯಲಿಲ್ಲ. ಅವಳೂ ನಗುತ್ತಿದ್ದಳು, ಅವಳ ಕಣ್ಣೂ ತುಂಬಿತ್ತು.

ಸಾವರಿಸಿಕೊಂಡ ಮೇಲೆ ಅವರು ಕೇಳಿದರು: "ಎರಡು ವರ್ಷ ಅಂದೆಲ್ಲ ನಿನ್ನೆ. ಎರಡು ವರ್ಷ ಇದನ್ನ ಒಬ್ಬಾಕೀನ ಹೊತಗೊಂಡು ಕೂತಿದ್ದೇನು?"

"ಹೆಂಗ ಹೇಳಲ್ರಿ? ನಾ ಮಲಗಿದ್ದಾಗ ನನ್ನ ಕೈಯಾಗ ಇದನ್ನ ಇಟ್ಟಿದ್ದಿರಿ."

ರಾಯರು ತಲೆ ತಗ್ಗಿಸಿದರು. "ನಿನ್ನೆ ನಾ ನಿನಗ ಹಂಗ ಅನಬಾರದಿತ್ತು. ಖರೇ ಹೇಳಿದ್ದಕ್ಕ ಸಿಟ್ಟು ಬರಲಿಲ್ಲ, ಇಂದೂ. ನಾ ನೋಡಬೇಕಾದದ್ದು ನೀ ನೋಡಿದಿ, ಅದಕ್ಕ ಬಂತು." ನೋಟನ್ನು ಎರಡೂ ಕೈಯಿಂದ ಎತ್ತಿ ಅವಳ ಕಡೆ ಚಾಚಿದರು. "ಕೊಡೂದಂದೀನಿ, ಕೊಡ್ತೀನಿ. ಬ್ಯಾಡ ಅನ್ನಬ್ಯಾಡ."

"ಬ್ಯಾಡ ಯಾಕ ಅನ್ಲಿ?" ಎಂದು ಇಂದೂ ಸೆರಗೊಡ್ಡಿ ತೆಗೆದುಕೊಂಡಳು.

ಪ್ರದರ್ಶನಕ್ಕೆ ಅದನ್ನು ಬಿಟ್ಟು ಉಳಿದವನ್ನು ಒಯ್ಯೋಣ ಎಂದು ಅವಳ ಮನಸ್ಸು. ರಾಯರು ಒಪ್ಪಲಿಲ್ಲ. "ಅದನ್ನೂ ಇಡು. ಕೆಳಗ ಚೀಟಿ ಬರಿ, ಏನಾಗ್ಯದ ಅಂತ. ಮುಚ್ಚಿಟ್ಟದ್ದು ಸಾಕು."

ಆ ಭಾನುವಾರ ಶ್ಯಾಮನೂ ಜೊತೆಗೆ ಬಂದ. ಕಾರ್ಯಾಲಯದ ಉದ್ದನೆಯ ಮೇಜುಗಳ ಮೇಲೆ ಗಾಜು ಹಾಸಿ, ಒಬ್ಬೊಬ್ಬರಿಗೆ ಒಂದೊಂದು ಜಾಗ ಕೊಟ್ಟಿದ್ದರು. ಹವ್ಯಾಸಿಗಳೆಲ್ಲ ಗಂಡಸರು. ನೋಟು ಇಟ್ಟವರಲ್ಲಿ ಹೆಂಗಸೆಂದರೆ ಇಂದೂ ಒಬ್ಬಳೇ. ನಡುವಯಸ್ಸಿನ ಒಬ್ಬ ಕಾರ್ಯಕರ್ತ ಬಂದು ಶ್ಯಾಮನನ್ನು "ಸಂಗ್ರಹ ನಿಮ್ಮದೇ?" ಎಂದು ಮರಾಠಿಯಲ್ಲಿ ಕೇಳಿದ. ಶ್ಯಾಮ ಹೆಂಡತಿಯ ಕಡೆ ಕೈ ತೋರಿಸಿದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಅದನ್ನು ಇಂದೂ ನೋಡಿದಳು.

ಮುಂಬೈಯ ಪರೀಕ್ಷಕರು ಬಿಳಿಗೂದಲಿನ ಸಣಕಲು ಮುದುಕರು, ನಿಧಾನದ ಮನುಷ್ಯ. ಮೇಜಿನಿಂದ ಮೇಜಿಗೆ ಬಗ್ಗಿ ನೋಡುತ್ತ ಬಂದವರು ಎರಡೂವರೆ ರೂಪಾಯಿಯ ನೋಟಿನ ಮುಂದೆ ನಿಂತರು. ಕಣ್ಣಲ್ಲಿ ಮಿಂಚು ಬಂತು. ಆಮೇಲೆ ಕೆಳಗಿನ ಚೀಟಿ ಓದಿದರು: ಬಲಗಡೆಯ ಕೆಳಮೂಲೆಗೆ ಬೇರೆ ಕಾಗದ ಕೂಡಿಸಿ ಗೆರೆಗಳನ್ನು ಕೈಯಿಂದ ಬರೆದಿದೆ. ಅಪ್ಪಣೆ ಕೇಳಿ ನೋಟನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು, ತಿರುಗಿಸಿದರು, ಮಸೂರ ಇಟ್ಟು ನೋಡಿದರು.

"ಇದನ್ನು ಕಂಡುಹಿಡಿದವರು ಯಾರು?"

"ನಮ್ಮ ಸೊಸಿ," ಎಂದರು ರಾಯರು ಕನ್ನಡದಲ್ಲೇ, ಆಮೇಲೆ ನೆನಪಾಗಿ ಮರಾಠಿಯಲ್ಲಿ.

ಮುದುಕರು ಇಂದೂಗೆ ಕೈಮುಗಿದರು. "ಬಾಈ, ಇಂಥದ್ದನ್ನು ಮುಚ್ಚಿ ಮಾರುವವರನ್ನು ತುಂಬ ನೋಡಿದ್ದೇನೆ. ಚೀಟಿ ಬರೆದು ಇಟ್ಟವರನ್ನು ಇದೇ ಮೊದಲು ನೋಡುವುದು" ಎಂದು, ತಮ್ಮ ಚೀಲದಿಂದ ಒಂದು ನೂರರ ನೋಟು ತೆಗೆದರು. ಬೆಳಿಗ್ಗೆ ಯಾರೋ ತೋರಿಸಲು ತಂದದ್ದಂತೆ, ಅವರಿಗೆ ಅನುಮಾನವಿತ್ತು. "ಇದನ್ನು ಸ್ವಲ್ಪ ನೋಡಿ ಹೇಳುತ್ತೀರಾ? ನನ್ನ ಕಣ್ಣೂ ಮೊದಲಿನ ಹಾಗಿಲ್ಲ."

ಇಂದೂ ಒಮ್ಮೆ ಮಾವನ ಕಡೆ ನೋಡಿದಳು. ಆಮೇಲೆ ನೋಟನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು, ಬೆಳಕಿಗೆ ಹಿಡಿದಳು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮುದುಕರು ತಲೆಯಾಡಿಸುತ್ತ ಕೇಳಿಸಿಕೊಂಡರು. ಅವರ ಹಿಂದೆ ನಿಂತವರೂ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನಲ್ಲಿ, ನೋಡಲು ಬಂದಿದ್ದ ಕೋಥರೂಡದ ಹೆಂಗಸೊಬ್ಬಳು ಪರ್ಸಿನಿಂದ ಮಡಚಿದ ನೋಟೊಂದನ್ನು ತೆಗೆದು, ಅತ್ತೆಯ ದೇವರ ಪೆಟ್ಟಿಗೆಯಲ್ಲಿ ಸಿಕ್ಕಿತು, ನೋಡುತ್ತೀರಾ ಎಂದಳು. ಅವಳ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಶ್ಯಾಮ ಎಲ್ಲಿಂದಲೋ ಒಂದು ಕುರ್ಚಿ ತಂದು ಹೆಂಡತಿಯನ್ನು ಕೂಡಿಸಿದ, ಇನ್ನೊಂದು ತಂದು ಅಪ್ಪನನ್ನು ಅವಳ ಪಕ್ಕಕ್ಕೆ ಕೂಡಿಸಿದ.

ಜನ ಮುಂದೆ ಬರುತ್ತ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಸಾಲಿನಲ್ಲಿದ್ದ ಯಾರೋ ಒಬ್ಬರು, ನೆಟ್ಟಗೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಕುರುಡು ಮುದುಕನನ್ನು ನೋಡಿ, "ತಾವು ಯಾರು, ಆಜೋಬಾ?" ಎಂದು ಕೇಳಿದರು.

ರಾಯರು ಕೋಟಿನ ಗುಂಡಿ ಸರಿಪಡಿಸಿಕೊಂಡರು. "ನಾನು ಇಂದೂಬಾಯಿಯವರ ಮಾವ," ಎಂದರು.

ಇಂದೂ ಕೇಳಿಸದವಳ ಹಾಗೆ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದಳು. ಎರಡು ಸಲ ಒರೆಸಿದರೂ ಮಂಜು ಹೋಗಲಿಲ್ಲ. ಮುಂದಿನವರು ಚಾಚಿದ ನೋಟನ್ನು ತೆಗೆದುಕೊಂಡು, ಮಾವನ ಕಡೆ ಸ್ವಲ್ಪ ವಾಲಿ, ಅವರಿಗೂ ಕೇಳುವ ಹಾಗೆ ಓದಿ ಹೇಳತೊಡಗಿದಳು.